ಸೊಪ್ಪು ತರದೆ ಬಂದ ಗಾಡಿಯ ವಿಷಯವಾಗಿ

ಮಾನ್ಯ ಓದುಗರಲ್ಲಿ,

ನನ್ನ ಕಾಗುಣಿತ ಮತ್ತು ಕೈಬರಹದ ದೋಷಗಳನ್ನು ಮೊದಲೇ ಮನ್ನಿಸಬೇಕಾಗಿ ಕೋರುತ್ತೇನೆ. ಕೈಲಾಂಚ ಹೋಬಳಿಯ ನಮ್ಮ ಊರಿನ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿಯಾಗಿ ಕಚೇರಿಗಳಿಗೆ ಪತ್ರ ಬರೆದ ಅಭ್ಯಾಸವಷ್ಟೇ ನನಗಿದೆ. ಸ್ವಂತ ನೆನಪನ್ನು ಬರೆಯುತ್ತಿರುವುದು ಇದೇ ಮೊದಲು. ಬೇರೆ ರೀತಿ ಬಾರದ ಕಾರಣ ಪತ್ರದ ರೀತಿಯಲ್ಲಿಯೇ ಬರೆದಿದ್ದೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಮ್ಮೂರಿನ ಕೆರೆ ಏರಿ ನನಗೆ ತಿಳಿದಂತೆ ಎರಡು ಸಲ ಒಡೆದಿದೆ. ಎರಡು ಸಲವೂ ಒಂದೇ ಸೇವಾ ಸಂಸ್ಥೆ ಕನಕಪುರದ ಗೋದಾಮಿನಿಂದ ನೆರವು ಕಳುಹಿಸಿತು, ಎರಡು ಸಲವೂ ಮನೆಗಳ ಪಟ್ಟಿ ಮಾಡಲು ನಾನು ಜೊತೆಗಿದ್ದೆ. ಮೊದಲ ಸಲ ನನ್ನ ಕೈಗೆ ಗೆರೆ ಹಾಕಿದ ಪುಸ್ತಕ ಕೊಟ್ಟಿದ್ದರು. ಅದರ ಕೊನೆಯ ಅಂಕಣ ‘ಷರಾ’. ಹೊದಿಕೆ, ಪಾತ್ರೆಗಳ ಅಂಕಣಗಳಿಗೆ ಸೇರದ ಮಾತನ್ನು ಅಲ್ಲಿ ಬರೆಯುತ್ತಿದ್ದೆ. ‘ಎಮ್ಮೆಗೆ ಹುಲ್ಲು ಇರುವುದಿಲ್ಲ’ ಎಂದು ಬರೆದೆ. ಮರುದಿನ ಗಾಡಿಯಲ್ಲಿ ಹುಲ್ಲು ಬಂತು. ‘ಅಜ್ಜನ ಕನ್ನಡಕ ನೀರಿನಲ್ಲಿ ಹೋಗಿರುತ್ತದೆ’ ಎಂದು ಬರೆದೆ. ಕನ್ನಡಕ ಬರಲು ವಾರ ಹಿಡಿಯಿತು, ಆದರೆ ಬಂತು.

ಕಳೆದ ಮಳೆಗಾಲದಲ್ಲಿ ಏರಿ ಎರಡನೆಯ ಸಲ ಒಡೆದಾಗ ಪುಸ್ತಕದ ಬದಲು ಟ್ಯಾಬ್ ಬಂತು. ಹಿಂದೆ ಎರಡು ದಿನ ಹಿಡಿದ ಪಟ್ಟಿ ಅರ್ಧ ದಿನದಲ್ಲಿ ಮುಗಿಯಿತು. ಇದನ್ನು ಒಪ್ಪದಿದ್ದರೆ ನನ್ನಿಂದ ಅನ್ಯಾಯವಾಗುತ್ತದೆ.

ಮನೆಗಳಿಗೆ ನೀರು ನುಗ್ಗಿ ಕೆಳಗಿನ ಬೀದಿಯವರೆಲ್ಲ ಶಾಲೆಯಲ್ಲಿ ಆಶ್ರಯ ಪಡೆದಿದ್ದರು. ಅವರಲ್ಲಿ ರೇಷ್ಮೆ ಸಾಕುವ ಒಬ್ಬ ಹೆಂಗಸನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅವರು ಪಾತ್ರೆಪಗಡವನ್ನೆಲ್ಲ ನೀರಿಗೆ ಬಿಟ್ಟು, ಹುಳುವಿನ ತಟ್ಟೆಗಳನ್ನು ಹೊತ್ತು ತಂದು ಶಾಲೆಯ ಜಗಲಿಯಲ್ಲಿ ಇಟ್ಟುಕೊಂಡಿದ್ದರು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುನ್ನ ಬಿಡುವಿಲ್ಲದೆ ತಿನ್ನುವ ಹೊತ್ತು. ಅಕ್ಕನ ತೋಟದ ಹಿಪ್ಪುನೇರಳೆ ಸೊಪ್ಪು ಕೆಸರಿನಡಿ ಹೋಗಿತ್ತು. ಕನಕಪುರ ರಸ್ತೆಯಲ್ಲಿದ್ದ ಅವರ ತಮ್ಮನ ತೋಟ ಹಸಿರಾಗಿಯೇ ಇತ್ತು. ಆದರೆ ಊರ ಮುಂದಿನ ಹಳ್ಳ ತುಂಬಿ, ಬೈಕಿನಲ್ಲಾಗಲಿ ನಡೆದಾಗಲಿ ದಾಟುವಂತಿರಲಿಲ್ಲ; ಸಂಸ್ಥೆಯ ಎತ್ತರದ ಗಾಡಿ ಮಾತ್ರ ದಾಟುತ್ತಿತ್ತು.

ಟ್ಯಾಬ್ ಹಿಡಿದು ಬಂದ ಸಂಸ್ಥೆಯ ಯುವತಿ ಅಕ್ಕನನ್ನು ಕೇಳಿದರು: “ಅಮ್ಮ, ಹೊದಿಕೆ ಬೇಕಾ, ಬಕೆಟ್ ಬೇಕಾ, ಸ್ಟೌ ಬೇಕಾ?”

“ಸೊಪ್ಪು ಬೇಕು ಕಣವ್ವ, ಎಲ್ಡು ಹೊರೆ. ನನ್ ತಮ್ಮ ಕುಯ್ದು ಮಡಗಿರ್ತಾನೆ. ನಿಮ್ ಗಾಡೀಲಿ ಹಾಕ್ಕೊಂಡ್ ಬಂದ್ರೆ ಸಾಕು.”

“ಅದು ಲಿಸ್ಟಲ್ಲಿ ಬರಲ್ಲ ಅಮ್ಮ. ಬಕೆಟ್ ಹಾಕ್ಲಾ?”

“ಹಾಕ್ಕೊ. ಹುಳ ಬಕೀಟು ತಿಂದ್ರೆ ತಿನ್ಲಿ.”

ಸುತ್ತ ಕುಳಿತವರು ನಕ್ಕರು. ನನಗೆ ನಗು ಬರಲಿಲ್ಲ. ಷರಾ ಎಲ್ಲಿ ಬರೆಯಬೇಕೆಂದು ಕೇಳಿದೆ.

“ಅದನ್ನ ತೆಗೆದುಬಿಟ್ಟಿದ್ದಾರೆ ಮೇಡಂ. ಒಬ್ಬೊಬ್ಬರು ಒಂದೊಂದು ಬರೀತಿದ್ರಲ್ಲ, ಲೆಕ್ಕಕ್ಕೆ ಸಿಗ್ತಿರಲಿಲ್ಲ.”

ಗಾಡಿಯ ಚಾಲಕನಿಗೆ ಫೋನ್ ಮಾಡಿದೆ. ಹಿಂದೆ ಹುಲ್ಲು ತಂದುಕೊಟ್ಟವರೂ ಅವರೇ.

“ಮೊದ್ಲಂಗಲ್ಲ ಕಣಕ್ಕ ಈಗ,” ಎಂದರು. “ದಾರೀಲಿ ಒಸಿ ನಿಂತ್ರೂ ಮ್ಯಾಲೆ ಕುಂತವ್ರಿಗೆ ಜಿಪಿಎಸ್ಸಲ್ಲಿ ಕಾಣ್ತದೆ. ಮೊನ್ನೆ ಟೀ ಕುಡಿಯಕ್ಕೆ ನಿಂತಿದ್ದಕ್ಕೇ ನೋಟೀಸ್ ಕೊಟ್ಟವ್ರೆ.”

ಮರುದಿನ ಬೆಳಿಗ್ಗೆ ಅಕ್ಕನ ತಮ್ಮ ಎರಡು ಹೊರೆ ಕಟ್ಟಿ ರಸ್ತೆಯ ಬದಿಯಲ್ಲಿ ನಿಂತು ಕೈ ಅಡ್ಡ ಹಾಕಿದರು. ಗಾಡಿ ಅವರ ಮುಂದೆಯೇ ಹಾದು ನಮ್ಮೂರಿಗೆ ನಿಗದಿತ ಸಮಯಕ್ಕೆ ಸರಿಯಾಗಿ ತಲುಪಿತು. ಹಿಂಬದಿಯ ಅರ್ಧ ಜಾಗ ಖಾಲಿ ಇದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಕೆಟ್ ಪಡೆದವರ ಫೋಟೊವನ್ನು ಅವರವರ ಮನೆಬಾಗಿಲಲ್ಲೇ ತೆಗೆಯದಿದ್ದರೆ ಟ್ಯಾಬ್ ಒಪ್ಪುತ್ತಿರಲಿಲ್ಲ. ಆದ್ದರಿಂದ ಅಕ್ಕ ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಕುಸಿದ ಮನೆಯ ಮುಂದೆ ಬಕೆಟ್ ಹಿಡಿದು ನಿಂತರು. ಶಾಲೆಯ ಜಗಲಿಯಲ್ಲಿ ಹುಳುಗಳು ಬರಿಯ ತಟ್ಟೆಯಲ್ಲಿ ತಲೆಯೆತ್ತಿ ಅತ್ತಿತ್ತ ತಡಕಾಡುತ್ತಿದ್ದವು. ಮೂರನೆಯ ದಿನ ಅಕ್ಕ ಸತ್ತ ಹುಳುಗಳನ್ನು ಅದೇ ಹೊಸ ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಗುಂಡಿಗೆ ಸುರಿದರು. ಬಕೆಟ್ ಉಪಯೋಗಕ್ಕೆ ಬರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಅಂದು ಸಂಜೆ ಅವರ ಮೊಬೈಲಿಗೆ ಸಂದೇಶ ಬಂತು: ನೆರವು ತಲುಪಿದೆ, ತೃಪ್ತಿಯಾಗಿದ್ದರೆ ನಕ್ಷತ್ರ ಒತ್ತಿ.

“ಬರೆಯಕ್ಕೆ ಜಾಗ ಐತಾ ನೋಡವ್ವ,” ಎಂದು ಅಕ್ಕ ಮೊಬೈಲ್ ಕೊಟ್ಟರು.

“ಇಲ್ಲ ಅಕ್ಕ.”

“ಹಂಗಾರೆ ಬುಡು.”

ನಮ್ಮೂರಿನ ಕೆಲಸ ಹಿಂದಿಗಿಂತ ಬೇಗ ಮುಗಿಯಿತೆಂದು ಸಂಸ್ಥೆಯ ಕರಪತ್ರದಲ್ಲಿ ಅಚ್ಚಾಗಿದೆ, ಜೊತೆಗೆ ಅಕ್ಕನ ಫೋಟೊ ಇದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ಟ್ಯಾಬ್ ಬೇಡವೆಂಬುದು ನನ್ನ ಅಹವಾಲಲ್ಲ. ಕೊಡುವ ಪದಾರ್ಥಗಳಿಗೆಲ್ಲ ಅದರಲ್ಲಿ ಜಾಗ ಮಾಡಿದವರು, ಕೇಳುವವರ ಒಂದು ಮಾತಿಗೆ ಇದ್ದ ಜಾಗವನ್ನು ಯಾರನ್ನು ಕೇಳಿ ತೆಗೆದರು?

ಈ ಬರಹವನ್ನು ಪಟ್ಟಿಯಲ್ಲಿ ಅಕ್ಕನ ಮನೆಯ ಮುಂದೆ ಬರೆಯಬೇಕಾಗಿದ್ದ ಷರಾ ಎಂದು ಪರಿಗಣಿಸಬೇಕಾಗಿ ಪ್ರಾರ್ಥನೆ. ಇದರಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಿ. ತಿದ್ದುವಾಗ ಸಾಲು ಹೆಚ್ಚಾಯಿತೆಂದು ಇದನ್ನೂ ತೆಗೆಯದಿರಿ.