ಮುಲ್ಕಿ ಪರೀಕ್ಷೆಗೆಂದು ಬಡಿಗೆ ಹಿಡಿದದ್ದು

ನಾನು ಬಡಿಗೆ ತಿರುಗಿಸಲು ಕಲಿತದ್ದು ದೇಶಕ್ಕಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಪ್ಪತ್ತರ ದಶಕದ ಬೆಳಗಾವಿ ಎಂದ ಕೂಡಲೇ ಈಗಿನವರು ನನಗೊಂದು ದೇಶಭಕ್ತಿಯ ಶಾಲು ಹೊದಿಸಲು ಬರುತ್ತಾರೆ. ಆಗ ಓಣಿಗೊಂದು ತಾಲೀಮು, ಅಂದರೆ ಗರಡಿಮನೆ, ಇತ್ತು ನಿಜ. ಬಿಳಿ ಟೋಪಿಯ ಹುಡುಗರು ಬೆಳಿಗ್ಗೆ ಸಾಲಾಗಿ ನಿಂತು ಲಾಠಿ ತಿರುಗಿಸುತ್ತಿದ್ದದ್ದೂ ನಿಜ. ಅವರಿಗೆ ಸರಕಾರವನ್ನು ಓಡಿಸಬೇಕಾಗಿತ್ತು, ನನಗೆ ಮುಲ್ಕಿ ಪರೀಕ್ಷೆ ಪಾಸಾಗಬೇಕಾಗಿತ್ತು. ಕನ್ನಡ ಏಳನೆಯ ಇಯತ್ತೆಯ ಆ ಪರೀಕ್ಷೆ ದಾಟಿದರೆ ಹೆಣ್ಣಿಗೂ ಮಾಸ್ತರಿಕೆ ಸಿಗುತ್ತಿತ್ತು.

ಆಗ ನನಗೆ ಹದಿನೇಳು ವರ್ಷ. ಬುದ್ಧಿ ಬರುವ ಮೊದಲೇ ಮದುವೆಯಾಗಿ, ಗಂಡನ ಮನೆ ಕಾಣುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಅವನ ಮುಖ ನನಗೆ ನೆನಪಿಲ್ಲ, ಇದೆಯೆಂದು ಹೇಳಿದರೆ ಸುಳ್ಳಾದೀತು. ಖಾನಾಪುರದಲ್ಲಿ ಅಪ್ಪನಿಗೆ ಭತ್ತದ ಗದ್ದೆಗಳಿದ್ದವು. ಅಲ್ಲಿ ಹೆಣ್ಣುಮಕ್ಕಳ ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯುತ್ತಿತ್ತು. ಮುಂದೆ ಓದುತ್ತೇನೆಂದು ಹಟ ಹಿಡಿದು, ಊಟ ಬಿಟ್ಟು, ಅಪ್ಪನ ತಲೆ ತಿಂದು ಬೆಳಗಾವಿಗೆ ಬಂದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಡುಗೆಗೆಂದೂ ಕಾವಲಿಗೆಂದೂ ಜೊತೆಗೆ ಬಂದಳು. ಒಬ್ಬ ನಿವೃತ್ತ ಮರಾಠಾ ಹವಾಲ್ದಾರರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಬಿಡಾರ.

ಮನೆಗೂ ಶಾಲೆಗೂ ನಡುವೆ ಒಂದು ಕಲ್ಲಿನ ಮೋರಿ ಇತ್ತು. ಅದರ ಕಟ್ಟೆಯ ಮೇಲೆ ಉಂಡಾಡಿಗಳು ಕೂತಿರುತ್ತಿದ್ದರು. ನಾವು ಬರುವ ಹೊತ್ತಿಗೆ ಕಾಲು ಚಾಚುವುದು, ಬೆತ್ತದ ತುದಿಯಿಂದ ಸೆರಗು ಎಳೆಯುವುದು, ಬಾಯಿಗೆ ಬಂದದ್ದು ಆಡುವುದು. ನನ್ನ ವರ್ಗದ ಇಬ್ಬರು ಹುಡುಗಿಯರು ಇದಕ್ಕೇ ಶಾಲೆ ಬಿಟ್ಟರು. ಅತ್ತೆ ದಿನಾ ಅದನ್ನೇ ಜಪಿಸುತ್ತಿದ್ದಳು: "ನಾವೂ ಗಂಟು ಕಟ್ಟೂಣು. ಮರ್ಯಾದಿ ಹೋದಮ್ಯಾಗ ಸಾಲಿ ತಗೊಂಡ ಏನ ಮಾಡ್ತಿ?"

ಗಂಟು ಕಟ್ಟಿದರೆ ಊರಲ್ಲಿ ಏನು ಕಾದಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಣಕುಂಬಿಯ ಕಡೆಯ, ಹೆಂಡತಿ ತೀರಿಕೊಂಡ ಒಬ್ಬರು ನನ್ನನ್ನು ಉಡಿಕಿ ಮಾಡಿಕೊಳ್ಳಲು, ಅಂದರೆ ಎರಡನೆಯ ಮದುವೆಯಾಗಲು, ಕೇಳಿ ಹೋಗಿದ್ದರು. ಅವರ ಹಿರಿಯ ಮಗ ನನಗಿಂತ ದೊಡ್ಡವನು. ಒಳ್ಳೆಯ ಮನುಷ್ಯರೇ ಇದ್ದಿರಬಹುದು. ಆದರೆ ಆ ಮನೆಯಲ್ಲಿ ಒಲೆಯ ಮುಂದೆ ಕೂತ ನನ್ನನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಗಾವಿಯಲ್ಲಿ ಉಳಿಯಬೇಕಾದರೆ ಮೋರಿ ದಾಟಬೇಕು. ಆದ್ದರಿಂದ ಒಂದು ಸಂಜೆ ಹವಾಲ್ದಾರರ ಮುಂದೆ ಹೋಗಿ ನಿಂತೆ.

ಅವರು ಮೊದಲ ಮಹಾಯುದ್ಧದಲ್ಲಿ ಬಸ್ರಾದ ಲಡಾಯಿ ಮುಗಿಸಿ ಬಂದವರು. ಲಾಠಿ, ಪಟ್ಟಾಕತ್ತಿ, ಈಟಿಯಂಥ ಬರ್ಚಿ ಎಲ್ಲದರಲ್ಲೂ ಒಂದು ಕಾಲಕ್ಕೆ ಹೆಸರು ಮಾಡಿದವರೆಂದು ಓಣಿಯವರು ಹೇಳುತ್ತಿದ್ದರು. ನಾನು ಕಂಡ ಹವಾಲ್ದಾರರು ಮಾತ್ರ ನಾಯಿ ಓಡಿಸಲಿಕ್ಕೂ ಕೋಲು ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮನೆಗೆ ಅಷ್ಟು ಹುಣಸೆಹಣ್ಣು ಏಕೆ ಬೇಕು ಎಂದು ಅತ್ತೆಗೆ ಸದಾ ಅನುಮಾನ.

"ಕಾಕಾ, ನನಗ ಬಡಿಗಿ ಕಲಸ್ರಿ," ಎಂದೆ.

"ನಾ ಮುಟ್ಟೂದಿಲ್ಲ ಪೋರಿ," ಎಂದರು. "ಕೈಯಾಗ ಹಿಡದ್ರ ಅಲ್ಲೀದೆಲ್ಲಾ ಕಣ್ಣಮುಂದ ಬರ್ತದ. ಮನಿಗೆ ಬಂದ ದಿವ್ಸಾನ ಬಿಟ್ಟೇನಿ."

"ನೀವ್ಯಾಕ ಮುಟ್ತೀರಿ? ಮುಟ್ಟಾಕಿ ನಾನು. ನೀವು ಬಾಯಿಲೆ ಹೇಳ್ರಿ ಸಾಕು."

ಅವರು ಕೈಯಲ್ಲಿದ್ದ ಬೀಜ ಬಿಡಿಸಿ ಮುಗಿಸಿದರು. ಆಮೇಲೆ ನಕ್ಕರು. "ವಕೀಲಕಿ ಕಲೀಬೇಕಾಗಿತ್ತ ನೀನು," ಎಂದರು. ಮರುದಿನದಿಂದ ಪಾಠ ಶುರುವಾಯಿತು.

ಮೊದಲನೆಯ ಜಗಳ ಬಡಿಗೆಯದಲ್ಲ, ಸೀರೆಯದು. ನಮ್ಮ ಮನೆತನದ ಹೆಂಗಸರು ಕಚ್ಚೆ ಹಾಕುವವರಲ್ಲ. ನೆರಿಗೆ ಇಳಿಬಿಟ್ಟು ಉಡುವವರು. ಹಾಗೆ ಉಟ್ಟು ಬಡಿಗೆ ತಿರುಗಿಸಿದರೆ ಮೂರನೆಯ ಹೆಜ್ಜೆಗೆ ಕಾಲಿಗೆ ನೆರಿಗೆ ಸಿಕ್ಕಿ ಮುಗ್ಗರಿಸಬೇಕು, ಮುಗ್ಗರಿಸಿದೆ ಕೂಡ. ಕಡೆಗೆ ಎದುರುಮನೆಯ ಮರಾಠಾ ಹೆಂಗಸರು ಉಡುವುದನ್ನು ನೋಡಿಕೊಂಡು ಬಂದು, ಶಹಾಪುರದ ಒಂದು ಉದ್ದನೆಯ ಸೀರೆಗೆ ಗಟ್ಟಿಯಾಗಿ ಕಚ್ಚೆ ಬಿಗಿದೆ. ಅತ್ತೆ ಎದೆ ಎದೆ ಬಡಿದುಕೊಂಡಳು. ಬಡಿಗೆ ಹಿಡಿದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು, ಕಚ್ಚೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. "ಕೊಳ್ಳಾಗ ಲಿಂಗ, ಹಿಂದ ಕಚ್ಚಿ. ಯಾರ ಮನಿ ಹೆಣ್ಣಂತ ಅನಬೇಕು ಮಂದಿ?" ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಅಡುಗೆ ಮಾತ್ರ ಬಿಡಲಿಲ್ಲ, ಪುಣ್ಯ.

ಹವಾಲ್ದಾರರ ಪಾಠ ತಾಲೀಮಿನ ಹಾಗಿರಲಿಲ್ಲ. ಅಲ್ಲಿ ಹುಡುಗರಿಗೆ ಹೊಡೆಯುವುದನ್ನು ಮೊದಲು ಕಲಿಸುತ್ತಿದ್ದರು. ಇವರು ಹಿತ್ತಲಿನ ಪೇರಲ ಗಿಡಕ್ಕೆ ಒಂದು ಖಾಲಿ ಗಡಿಗೆ ಕಟ್ಟಿಸಿ, ಪೂರಾ ಬಲದಿಂದ ಬೀಸು, ಆದರೆ ಗಡಿಗೆ ಒಡೆಯಬಾರದು ಎಂದರು. ಬಡಿಗೆ ಗಡಿಗೆಯ ಹತ್ತಿರ ಹೋಗಿ ನಿಲ್ಲಬೇಕು. ಖಾನಾಪುರದಿಂದ ಬಂದ ಒಳ್ಳೊಳ್ಳೆಯ ಗಡಿಗೆಗಳು ಹೀಗೆ ಮಣ್ಣುಪಾಲಾದವು. ಕೈ ಸೋತು ರಾತ್ರಿ ರೊಟ್ಟಿ ಮುರಿಯಲಿಕ್ಕೂ ಬೆರಳು ಮಡಚುತ್ತಿರಲಿಲ್ಲ. "ಸಿಟ್ಟಿನ ಕೈ ನಿಂದರೂದಿಲ್ಲ," ಎಂದು ಕಟ್ಟೆಯ ಮೇಲಿನಿಂದ ಹೇಳುತ್ತಿದ್ದರು. "ನಿಂದರಸಾಕ ಬರದವ್ರ ಕೈಯಾಗ ಬಡಿಗಿ ಕೊಡಬಾರದು. ಕೊಟ್ಟ ಏನಾಗ್ತದಂತ ನಾ ನೋಡೇನಿ."

ಮಳೆಗಾಲ ಮುಗಿಯುವ ಹೊತ್ತಿಗೆ ಗಡಿಗೆಗಳು ಒಡೆಯುವುದು ನಿಂತಿತು. ಕೈ ಬೀಸಿದಲ್ಲಿ ಬಡಿಗೆ ಹೋಗುತ್ತಿತ್ತು, ಬೇಡವೆಂದಲ್ಲಿ ನಿಲ್ಲುತ್ತಿತ್ತು. ಗಾಳಿಯಲ್ಲಿ ಅದರ ಸುಂಯ್ ಎನ್ನುವ ಸದ್ದು ಕೇಳಿದರೆ ನನಗೆ ಹಬ್ಬದೂಟ ಉಂಡಷ್ಟು ಸುಖವಾಗುತ್ತಿತ್ತು. ವಿಧವೆ ಎಂದು ನಾಲ್ಕು ಜನರ ನಡುವೆ ಮೈ ಕುಗ್ಗಿಸಿ ನಡೆದು ರೂಢಿಯಾದವಳಿಗೆ, ನನ್ನ ತೋಳು ಇಷ್ಟು ಉದ್ದ ಇದೆಯೆಂದು ಮೊದಲ ಸಲ ತಿಳಿದದ್ದು ಆ ಹಿತ್ತಲಿನಲ್ಲಿ.

ಮೋರಿಯ ಕಥೆ ಹೇಳು ಎಂದು ಓಣಿಯ ಮಕ್ಕಳು ಗಂಟು ಬೀಳುತ್ತಾರೆ. ಹೇಳುವಂಥದ್ದು ಅದರಲ್ಲಿ ಬಹಳವಿಲ್ಲ. ಒಂದು ಬೆಳಿಗ್ಗೆ ಕಚ್ಚೆ ಹಾಕಿಕೊಂಡು, ಬಗಲಲ್ಲಿ ಪುಸ್ತಕ, ಕೈಯಲ್ಲಿ ಬಡಿಗೆ ಹಿಡಿದು ಹೊರಟೆ. ಅವರ ಪೈಕಿ ಧಡೂತಿಯವನು ಎಂದಿನಂತೆ ಬೆತ್ತ ಚಾಚಿದ. ನನ್ನ ಬಡಿಗೆ ಅದಕ್ಕೆ ಕೆಳಗಿನಿಂದ ತಗುಲಿತು, ಬೆತ್ತ ಹಾರಿ ಮೋರಿಯ ರಾಡಿಯಲ್ಲಿ ಬಿತ್ತು. ಬಡಿಗೆಯ ತುದಿ ಅವನ ಮೂಗಿನ ಮುಂದೆ ಬಂದು ನಿಂತಿತು. ಅವನು ಮೂಗನ್ನೂ ನೋಡಿದ, ಬಡಿಗೆಯನ್ನೂ ನೋಡಿದ, ಕಾಲು ಮೇಲೆ ತೆಗೆದುಕೊಂಡ. ನಾನು ಶಾಲೆಗೆ ಹೋಗಿ ಲೆಕ್ಕ ಬಿಡಿಸಿದೆ. ವಾರದೊಳಗೆ ಅವರು ಬೇರೆ ಕಟ್ಟೆ ಹುಡುಕಿಕೊಂಡರು, ಶಾಲೆ ಬಿಟ್ಟ ಇಬ್ಬರೂ ನನ್ನ ಬೆನ್ನಹಿಂದೆ ಮತ್ತೆ ಬರತೊಡಗಿದರು.

ಆದರೆ ಬೆಳಗಾವಿಯಲ್ಲಿ ಆದದ್ದು ಸಂಜೆಯ ಗಾಡಿಗೆ ಖಾನಾಪುರ ಮುಟ್ಟುತ್ತದೆ. ನಿಮ್ಮ ಮಗಳು ಕಚ್ಚೆ ಕಟ್ಟಿ ಬೀದಿಯಲ್ಲಿ ಗಂಡಸರನ್ನು ಬಡಿಯುತ್ತಾಳೆ ಎಂದು ಯಾರೋ ಅಪ್ಪನಿಗೆ ಮುಟ್ಟಿಸಿದರು. ಮುಂದಿನ ರವಿವಾರ ಅಪ್ಪ ಬಂದೇಬಿಟ್ಟ.

ನಾನು ಹಿತ್ತಲಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಬಡಿಗೆ ತಿರುಗಿಸುತ್ತಿದ್ದೆ. ಹಿಂದಿನಿಂದ ಒಂದು ದನಿ ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ, "ಬಾಯೀ, ಖಾನಾಪುರದ ಹುಡುಗಿ ಇಲ್ಲೇ ಇರುತ್ತಾಳಲ್ಲವೇ? ಒಳಗಿದ್ದಾಳೆಯೇ?" ಎಂದು ಕೇಳಿತು. ಕಚ್ಚೆ ಕಂಡದ್ದೇ ತಡ, ಅಪ್ಪ ನನ್ನನ್ನು ಹವಾಲ್ದಾರರ ಮನೆಯ ಹೆಣ್ಣೆಂದು ತಿಳಿದು ಅವರ ಭಾಷೆಗೆ ತಿರುಗಿದ್ದ. ನಮ್ಮ ಖಾನಾಪುರದವರ ನಾಲಗೆಗೆ ಇದು ತೀರ ಸಹಜ, ಎದುರಿಗಿನವರ ಉಡುಪು ನೋಡಿ ಭಾಷೆ ಬದಲಾಗುತ್ತದೆ. ನಾನು ತಿರುಗಿ, "ಒಳಗಿಲ್ಲಪಾ, ಇಲ್ಲೇ ಅದೇನಿ," ಎಂದೆ.

ಅಪ್ಪನ ಮುಖ ಕಪ್ಪಿಟ್ಟಿತು. ತನ್ನ ಮಗಳ ಗುರುತು ತನಗೇ ಸಿಗಲಿಲ್ಲವಲ್ಲ ಎಂಬ ಅವಮಾನ, ಬೈಯಲು ತಂದ ಸಿಟ್ಟಿನ ಮೇಲೆ ಕೂತಿತು. "ಅದನ್ನ ಬಿಚ್ಚಿ ಸೀರಿ ಸರೀ ಉಟ್ಕೋ," ಎಂದ. "ಸಂಜೀ ಗಾಡಿಗೆ ಹೋಗೂಣು. ಕಣಕುಂಬಿಯವ್ರಿಗೆ ಮಾತ ಕೊಡ್ತೇನಿ."

"ನಾ ಬರಾಂಗಿಲ್ಲಪಾ."

"ಯಾರನ ಕೇಳಿ ಬರಾಂಗಿಲ್ಲ?"

"ಪರೀಕ್ಷಾ ಹತ್ರ ಬಂದೈತಿ. ದಾರ್ಯಾಗ ಈಗ ಯಾರೂ ಅಡ್ಡ ಬರಾಂಗಿಲ್ಲ. ನಾ ಯಾಕ ಬರ್ಲಿ?"

ಅಪ್ಪ ಹವಾಲ್ದಾರರ ಕಡೆಗೆ ಕೆಂಗಣ್ಣು ಬಿಟ್ಟ. ಅವರು ಹುಣಸೆಹಣ್ಣಿನಿಂದ ಕಣ್ಣೆತ್ತದೆ, "ನಿಮ್ಮ ಮಗಳು, ನೀವ್ ಕರ್ಕೊಂಡ ಹೋಗ್ರಿ. ಆದ್ರ ಏನ ಕಲ್ತಾಳಂತ ಒಮ್ಮಿ ನೋಡ್ಕೊಂಡ ಹೋಗ್ರಿ," ಎಂದರು.

ಗದ್ದೆಗೆ ಬರುವ ಕಾಡುಹಂದಿಗಳನ್ನು ಬಡಿಗೆಯಿಂದಲೇ ಅಟ್ಟಿದವನು ಅಪ್ಪ. ಗೋಡೆಗೆ ಆನಿಸಿದ್ದ ಬಿದಿರಿನ ಬಡಿಗೆ ತೆಗೆದುಕೊಂಡ. ತಲೆಯ ಮೇಲಿನ ರುಮಾಲು ಮುಟ್ಟಿ ತೋರಿಸಿ, "ಇದನ್ನ ಕೆಡವು. ಕೆಡವಿದ್ರ ಇಲ್ಲೇ ಇರು. ಇಲ್ಲಂದ್ರ ಸಂಜೀ ಗಾಡಿ," ಎಂದ.

ಅತ್ತೆ ಹೌಹಾರಿದಳು. "ತಮ್ಮಾ, ತಲಿ ಕೆಟ್ಟೈತೇನು? ಮಗಳ ಕೈಲೆ ರುಮಾಲ ಬೀಳಸ್ಕೊಂತಾರೇನು ಯಾರಾರ?"

ಆ ಶರತ್ತಿನಲ್ಲೇ ಅಪ್ಪನ ಜಾಣತನವಿತ್ತು. ನಮ್ಮಲ್ಲಿ ಗಂಡಸು ಬರಿತಲೆಯಲ್ಲಿ ಹೊರಗೆ ಕಾಣಿಸಿಕೊಳ್ಳುವುದು ಮನೆಯಲ್ಲಿ ಸಾವಾದಾಗ. ಇನ್ನೊಬ್ಬರ ರುಮಾಲಿಗೆ ಕೈ ಹಾಕಿದರೆ ಮನೆತನಗಳು ತಲೆಮಾರುಗಟ್ಟಲೆ ಮಾತು ಬಿಡುತ್ತವೆ. ಹೆತ್ತ ಮಗಳು ಅದನ್ನು ಮುಟ್ಟಲಾರಳು ಎಂದು ಅಪ್ಪನಿಗೆ ಗೊತ್ತಿತ್ತು. ನಾನು ಅಪ್ಪನ ಬರಿತಲೆ ಕಂಡದ್ದೂ ಒಂದೇ ಸಲ, ನನ್ನ ಗಂಡ ಹೋದ ಸುದ್ದಿ ಬಂದ ದಿನ.

ಅಪ್ಪನ ಏಟು ಭಾರ, ಮೇಲಿನಿಂದ ನೇರ ಇಳಿಯುವಂಥದ್ದು. ಮೊದಲಿನದು ತಡೆದಾಗ ನನ್ನ ಮೊಣಕೈ ತನಕ ನಡುಗಿತು. ಎರಡನೆಯದನ್ನು ತಡೆಯದೆ ಪಕ್ಕಕ್ಕೆ ಸರಿದೆ. ಅವನು ಸುಧಾರಿಸಿಕೊಳ್ಳುವುದರಲ್ಲಿ ಒಳಗೆ ನುಗ್ಗಿ ಬೀಸಿದೆ. ಬಡಿಗೆ ರುಮಾಲಿನ ಪಕ್ಕಕ್ಕೆ ಹೋಗಿ, ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು.

ಅತ್ತೆ ಉಸಿರುಬಿಟ್ಟಳು. ಅಪ್ಪ ಕದಲಲಿಲ್ಲ.

"ಬೀಳಲಿಲ್ಲ," ಎಂದ.

"ಕೆಡವಬೌದಿತ್ತಪಾ. ನೀ ಅಂತ ಬಿಟ್ಟೆ."

"ಅದನ್ನ ಹೇಳಾಕತ್ತೇನಿ ನಾನು." ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ದೊಡ್ಡದೊಂದು ಚಿಂತೆ ಇತ್ತು. "ಮೋರಿ ಮ್ಯಾಲಿನ ಹುಡುಗೂರು ಗುರುತಿಲ್ಲದವ್ರು. ಅವ್ರನ್ನ ಯಾರರೆ ಹೊಡೀತಾರ. ಒಂಟಿ ಹೆಣ್ಣಿನ ದಾರಿಗೆ ಅಡ್ಡ ಬರಾವ್ರು ಬ್ಯಾರೆ ಇರ್ತಾರವ್ವಾ. ಗುರುತಿನವ್ರು, ಹಿರೇರು, ಮರ್ಯಾದಸ್ಥರು. ಅವರ ಮುಂದ ನಿನ್ನ ಕೈ ಹಿಂಗ ನಿಂತ್ರ, ನಾ ಖಾನಾಪುರದಾಗ ಹೆಂಗ ನಿದ್ದಿ ಮಾಡ್ಲಿ?"

ಅಷ್ಟು ದಿನ ಅಪ್ಪ ನನ್ನನ್ನು ಕಟ್ಟಿಹಾಕಲು ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ಅಪ್ಪ ಹೆದರಿದ್ದಾನೆ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಅದರ ಜೊತೆಗೇ ಇನ್ನೊಂದೂ ಹೊಳೆಯಿತು. ಈಗ ನನ್ನ ದಾರಿಗೆ ಅಡ್ಡ ನಿಂತಿದ್ದ ಗುರುತಿನವನು, ಹಿರಿಯನು, ಮರ್ಯಾದಸ್ಥನು ಅವನೇ. ನಾನು ಹವಾಲ್ದಾರರ ಕಡೆಗೆ ನೋಡಲಿಲ್ಲ, ಅತ್ತೆಯ ಕಡೆಗೂ ನೋಡಲಿಲ್ಲ.

"ಮತ್ತೊಮ್ಮಿ ಬಾರಪಾ," ಎಂದೆ.

ಅಪ್ಪ ಬಂದ, ಇನ್ನೂ ಜೋರಾಗಿ ಬಂದ, ಕೈ ಸಡಿಲು ಬಿಟ್ಟು ಮಗಳನ್ನು ಗೆಲ್ಲಿಸುವ ಜಾತಿಯವನಲ್ಲ. ಅವನ ಬಡಿಗೆ ನನ್ನ ಭುಜಕ್ಕೆ ತಾಗಿ ಕಣ್ಣು ಕತ್ತಲಿಟ್ಟಿತು. ನಾನು ಹಿಂದೆ ಸರಿಯಲಿಲ್ಲ. ಅದರ ಕೆಳಗಿನಿಂದಲೇ ಒಳಗೆ ಹೋದೆ, ಬೀಸಿದೆ, ಈ ಸಲ ಕೈ ತಡೆಯಲಿಲ್ಲ. ರುಮಾಲು ಹಾರಿ, ಸುತ್ತು ಬಿಚ್ಚುತ್ತ ಹೋಗಿ, ಬಚ್ಚಲಿನ ರಾಡಿಯಲ್ಲಿ ಬಿತ್ತು. ಅಪ್ಪನ ತಲೆಗೆ ಒಂದು ಗೀರು ಕೂಡ ಬೀಳಲಿಲ್ಲ.

ನರೆತ, ತೆಳ್ಳಗಾದ ಕೂದಲು ಬಿಸಿಲಿಗೆ ಬಿತ್ತು. ನನಗೆ ಅಳು ಬಂತು. ನಾಚಿಕೆಯಿಂದ ಬಂದದ್ದಲ್ಲ, ಹಿಗ್ಗು ತಡೆಯಲಾರದೆ ಬಂದದ್ದು. ಮುಂದೆ ಮುಲ್ಕಿ ಪಾಸಾದೆ, ಮಾಸ್ತರಿಕೆಯನ್ನೂ ಮಾಡಿದೆ, ಆದರೆ ಆ ಮಧ್ಯಾಹ್ನದಷ್ಟು ಎತ್ತರಕ್ಕೆ ನಾನು ಮತ್ತೆ ಬೆಳೆದಂತೆ ಅನಿಸಲಿಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ಕುಡಿದು, ತಂಬಿಗೆ ಕೆಳಗಿಟ್ಟು, ಅತ್ತೆಗೆ ಹೇಳಿದ: "ಅಕ್ಕಾ, ಮುಂದಿನ ವಾರ ಒಂದ ಚೀಲ ಅಕ್ಕಿ ಕಳಸ್ತೇನಿ. ಪರೀಕ್ಷಾ ಮುಗಿಯೂ ತನಕ ಸಾಕಾಗಬೇಕು."

ಅತ್ತೆ ರುಮಾಲು ತೊಳೆದು ಒಣಗಿಸಿ ಕೊಡುತ್ತೇನೆಂದಳು. ಹವಾಲ್ದಾರರು ತಮ್ಮ ಹೊಸ ಪಟಕವನ್ನೇ ಪೆಟ್ಟಿಗೆಯಿಂದ ತೆಗೆದು ತಂದರು. ಅಪ್ಪ ಎರಡನ್ನೂ ಬೇಡವೆಂದ. ಒದ್ದೆ ರುಮಾಲನ್ನು ಹಿಂಡಿ ಬಗಲಿಗೆ ಸಿಕ್ಕಿಸಿಕೊಂಡು, ಪೇಟೆಯ ನಡುವೆ ಹಾಯ್ದು, ಸಂಜೆಯ ಗಾಡಿಗೆ ಒಬ್ಬನೇ ಹೋದ.

ಖಾನಾಪುರದ ಸ್ಟೇಷನ್ನಿನಲ್ಲಿ ಇಳಿದಾಗ ಅವನ ಬರಿತಲೆ ಕಂಡು ಜನ ದಡಬಡಿಸಿ ಹತ್ತಿರ ಬಂದರಂತೆ. ಯಾರು ತೀರಿಕೊಂಡರು ಎಂದು ಕೇಳಿದರಂತೆ.

"ಯಾರೂ ಇಲ್ರಿ," ಎಂದನಂತೆ ಅಪ್ಪ. "ರುಮಾಲ ಬೆಳಗಾವ್ಯಾಗ ನನ್ನ ಮಗಳು ಕೆಡವಿದ್ಲು."