ಮಾಣಿಯಿಂದ ಬಂದ ಕರೆ

ಮೊದಲು ಹರಕೆ ಹೇಳಿದೆನೋ, ಮೊದಲು ಫೋನ್ ಬಂತೋ, ಈಗಲೂ ನನಗೆ ಖಚಿತವಿಲ್ಲ. ಹರಕೆಯೇ ಮೊದಲು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿ ಕೂತಿರಬಹುದು. ಹೆಂಡತಿ ಮಾತ್ರ ಒಪ್ಪುವುದಿಲ್ಲ.

ಕಳೆದ ಮಳೆಗಾಲದಲ್ಲಿ, ಸೋಣ ತಿಂಗಳ ಒಂದು ಶುಕ್ರವಾರ ಅಪ್ಪ ಬೆಳ್ತಂಗಡಿ ಪಕ್ಕದ ಲಾಯಿಲದ ಮನೆಯಿಂದ ಕಾಣೆಯಾದರು. ಮರೆವಿನ ಕಾಯಿಲೆ, ನನ್ನ ಹೆಸರೂ ಅವರಿಗೆ ಸಿಗುತ್ತಿರಲಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಸುತ್ತಿದೆವು. ಬಂಟ್ವಾಳದಲ್ಲಿ ಒಂದು ರಿಪೇರಿ ಮೇಜಿನಿಂದ ಶುರುಮಾಡಿ ಬೆಳ್ತಂಗಡಿ, ಮೂಡುಬಿದಿರೆಗಳಲ್ಲೂ ಮೊಬೈಲ್ ಅಂಗಡಿ ಇಟ್ಟವನು ನಾನು. ಅಪ್ಪನ ಕಿಸೆಯಲ್ಲಿ ಫೋನ್ ಇರಲಿಲ್ಲ. ಕೊಟ್ಟದ್ದನ್ನೆಲ್ಲ ಅಕ್ಕಿ ಡಬ್ಬದೊಳಗೆ ಹುಗಿದಿಡುತ್ತಿದ್ದರು.

"ಊರಿಗೆಲ್ಲ ಫೋನ್ ಮಾರಿದವ ನೀನು. ಈಗ ಯಾರಿಗೆ ಮಾಡ್ತಿ ಮಾರಾಯ?" ಎಂದರು ಭಾವ.

ಸಂಜೆ ಬೆಳ್ತಂಗಡಿಯ ಅಂಗಡಿ ಮೆಟ್ಟಿಲಲ್ಲಿ ಕುಳಿತು, ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನನ್ನು ನೆನೆದೆ. ಕಳೆದ ಬಳೆಗೆ, ಕಳೆದ ದನಕ್ಕೆ ಹೇಳಿಕೊಳ್ಳುವ ಚಕ್ಕುಲಿ, ವೀಳ್ಯದ ಹರಕೆಯನ್ನೇ ಅಪ್ಪನಿಗಾಗಿ ಹೇಳಿಕೊಂಡೆ. ಅಷ್ಟರಲ್ಲಿ ಫೋನ್ ಬಂತು. ಅಥವಾ ಬಂದ ಮೇಲೆ, ಕಾರಿನಲ್ಲಿ ಹೇಳಿಕೊಂಡೆನೋ.

ಮಾತಾಡಿದ್ದು ದೂರದ ಮಾಣಿ ಪೇಟೆಯ ಗೂಡಂಗಡಿಯ ಹೆಂಗಸು. ಗುಂಡಿ ಫೋನ್ ಕೊಳ್ಳುವವರಿಗೆ ಎರಡರ ಗುಂಡಿಗೆ ಅಂಗಡಿಯ ನಂಬರ್ ಹಾಕಿಕೊಡುವುದು ಮೊದಲಿನಿಂದಲೂ ನಮ್ಮ ಕ್ರಮ. ಏನಾದರೂ ಕೆಟ್ಟರೆ ಒತ್ತಿ ಹಿಡಿದರಾಯಿತು.

"ಇಲ್ಲಿ ಒಬ್ಬರು ಪ್ರಾಯದವರು ಕೂತಿದ್ದಾರೆ. ಮನೆ ಎಲ್ಲಿ ಅಂತ ಕೇಳಿದರೆ ನಿಮ್ಮ ಅಂಗಡಿಯ ಹೆಸರು ಹೇಳ್ತಾರೆ. ನನ್ನ ಫೋನ್ ನಿಮ್ಮಲ್ಲಿಯದ್ದೇ ಅಲ್ವಾ, ಒತ್ತಿದೆ. ಚಾ ಕೊಟ್ಟೆ. ಸಕ್ಕರೆ ಸಾಲದು ಅಂತ ನನಗೇ ಜೋರು ಮಾಡ್ತಾರೆ."

ಕಾಯಿಲೆಗೆ ಮೊದಲು ದಿನಾ ಬೆಳಿಗ್ಗೆ ಅಂಗಡಿಯಲ್ಲಿ ದೀಪ ಇಡುತ್ತಿದ್ದದ್ದು ಅಪ್ಪನೇ. ಮಗನ ಹೆಸರು ಹೋದ ಮೇಲೂ ಅಂಗಡಿಯ ಹೆಸರು ಉಳಿದಿತ್ತು.

ಈಗ ಮೂರೂ ಅಂಗಡಿಗಳಿಂದ ಇಂಥ ಹಿರಿಯರಿರುವ ಮನೆಗಳಿಗೆ, ಕಿಸೆಯ ಮೇಲೆ ಮನೆಯ ನಂಬರ್ ಹೊಲಿದ ಅಂಗಿಗಳನ್ನು ಉಚಿತವಾಗಿ ಕೊಡುತ್ತಿದ್ದೇವೆ. ಫೋನಿನವನು ಅಂಗಿ ಹಂಚುವುದನ್ನು ಕಂಡು ಭಾವ ನಗುತ್ತಾರೆ.

ಹರಕೆ ತೀರಿಸಲು ಹೊರಟ ದಿನ ಹೆಂಡತಿ, "ಫೋನ್ ಬಂದ ಮೇಲೆಯೇ ನೀವು ಹೇಳಿಕೊಂಡದ್ದು. ಕೇಳುವ ಮೊದಲೇ ಕೊಟ್ಟಿದ್ದಾನಲ್ಲ ಅಜ್ಜ, ಚಕ್ಕುಲಿ ಸ್ವಲ್ಪ ಜಾಸ್ತಿಯೇ ಇಡುವ" ಎಂದಳು. ಇಟ್ಟು, ತಲೆಬಾಗಿ ಬಂದೆವು. ನನ್ನ ನಂಬಿಕೆ ನಿಂತಿರುವುದು ಆ ಮಾತಿನ ಮೇಲೆ; ನನ್ನ ನೆನಪಿನ ಮೇಲಲ್ಲ.

ಲಾಯಿಲದಿಂದ ಮಾಣಿಗೆ ಹೋಗಲು ನಡುವೆ ಬಸ್ ಬದಲಿಸಬೇಕು. ಅಪ್ಪನ ಬಳಿ ಟಿಕೆಟ್ ಇರಲಿಲ್ಲ, ವಿಚಾರಿಸಿದ ಕಂಡಕ್ಟರುಗಳಿಗೆ ಅವರ ನೆನಪಿಲ್ಲ. ಅಪ್ಪನನ್ನೇ ಕೇಳಿದರೆ ಚಾಕ್ಕೆ ಸಕ್ಕರೆ ಸಾಲದಿತ್ತು ಎನ್ನುತ್ತಾರೆ. ಅವರನ್ನು ಅಲ್ಲಿವರೆಗೆ ಯಾರು ಕರೆದೊಯ್ದರೋ ನನಗೆ ಗೊತ್ತಿಲ್ಲ.