ಚುಕ್ಕೆಯ ಆಚೆಗಿನ ಹನ್ನೆರಡು

ಬೆಳಗ್ಗೆ ಆರೂ ಕಾಲು. ಗ್ರಂಥಾಲಯದ ಮೊದಲ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ನಲವತ್ತೇಳರ ಹೆಂಗಸೊಬ್ಬಳು ಮೊಣಕಾಲೂರಿ ಕುಳಿತು ಅತಿ ಕೆಳಗಿನ ಹಲಗೆಯ ಪುಸ್ತಕಗಳ ಬೆನ್ನಿಗೆ ಬೆರಳಿಟ್ಟು ಗೊಣಗುತ್ತಿದ್ದಾಳೆ. "ಒಂದು, ಎರಡು. ಹನ್ನೆರಡಲ್ಲ. ಒಂದು, ಎರಡು." ಒಂದು ಪುಸ್ತಕವನ್ನು ಎಳೆದು, ಎಡಕ್ಕೆ ಎರಡು ಹಲಗೆ ದಾಟಿಸಿ, ಸಂದಿಯಲ್ಲಿ ತುರುಕುತ್ತಾಳೆ. ಆಮೇಲೆ ಸೆರಗಿನ ತುದಿಯಿಂದ ಅದರ ನೆತ್ತಿಯ ದೂಳು ಒರೆಸುತ್ತಾಳೆ.

ವಿದ್ಯಾರ್ಥಿಗಳಿಗೆ ಈಕೆ ಟ್ರಾಲಿ ಅಕ್ಕ. ಹಿಂದಿರುಗಿ ಬಂದ ಪುಸ್ತಕಗಳನ್ನು ಟ್ರಾಲಿಗೆ ತುಂಬಿ, ಮಹಡಿಗೆ ತಂದು, ಅವುಗಳ ಜಾಗದಲ್ಲಿ ಇಡುವುದು ಕೆಲಸ. ದಿನಕ್ಕೆ ಸರಾಸರಿ ಇನ್ನೂರ ಮೂವತ್ತು ಪುಸ್ತಕ, ಪರೀಕ್ಷೆ ಹತ್ತಿರವಾದರೆ ನಾನೂರು. ಲಿಫ್ಟ್ ಇದೆ, ಅದಕ್ಕೆ ಮೂಡ್ ಬಂದರೆ ಓಡುತ್ತದೆ. ಉಳಿದ ದಿನ ಮೂವತ್ತೊಂದು ಮೆಟ್ಟಿಲು, ಸೊಂಟದ ಮೇಲೆ ಹನ್ನೆರಡು ಹದಿಮೂರು ಪುಸ್ತಕ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಈಕೆ ಈಗ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ಮೆಟ್ಟಿಲಲ್ಲಿದ್ದಾಳೆ. ಭಾನುವಾರ ತರಗತಿ, ವಾರದ ದಿನಗಳಲ್ಲಿ ಊಟದ ಬಿಡುವಿನಲ್ಲಿ ಮೆಟ್ಟಿಲ ತಿರುವಿನಲ್ಲೇ ಕುಳಿತು ಓದು.

ನಾನು ಬಂದದ್ದು ಇದನ್ನು ಬರೆಯಲಿಕ್ಕೆ. ನಮ್ಮ ಪುರವಣಿಯ ಸಂಪಾದಕರು ತಲೆಬರಹವನ್ನೂ ಕೊಟ್ಟೇ ಕಳಿಸಿದ್ದರು. ಅದರಲ್ಲಿ 'ಛಲ' ಎಂಬ ಪದವಿತ್ತು. ಬಂದ ಕಾರಣ ಹೇಳಿದೆ. ಟ್ರಾಲಿ ಅಕ್ಕ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು.

"ಹೊಗಳೋಕೆ ಬಂದಿದ್ರೆ ಈಗ್ಲೇ ಹೊರಟುಬಿಡಿ ಸರ್. ಬೈಯೋಕಾದ್ರೆ ಕೂತ್ಕೊಳ್ಳಿ."

ಕುರ್ಚಿ ಇರಲಿಲ್ಲ. ಟ್ರಾಲಿಯ ಅಂಚಿನ ಮೇಲೆ ಕುಳಿತೆ.

ವಿಷಯ ಒಂದು ಚುಕ್ಕೆಯದು. ಪ್ರತಿ ಪುಸ್ತಕದ ಬೆನ್ನಿಗೂ ಒಂದು ಚೀಟಿ, ಅದರ ಮೇಲೊಂದು ಸಂಖ್ಯೆ. ತೋಟಗಾರಿಕೆಯ ಕಪಾಟು ತೋರಿಸಿ ಆಕೆ ಪಾಠವನ್ನೇ ಮಾಡಿದಳು. ಹೂವಿನ ಪುಸ್ತಕಕ್ಕೆ 635.9, ಗಡ್ಡೆ ತರಕಾರಿಯ ಪುಸ್ತಕಕ್ಕೆ 635.12. ಯಾವುದು ಮೊದಲು? ನಾನು ಠೀವಿಯಿಂದ ಹೂವು ಎಂದೆ. ಒಂಬತ್ತಾದ ಮೇಲೆ ತಾನೆ ಹನ್ನೆರಡು?

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು. ನಗಲಿಲ್ಲ.

ಚುಕ್ಕೆಯ ಆಚೆ ಹನ್ನೆರಡು ಎಂಬುದೇ ಇಲ್ಲ. ಅಲ್ಲಿ ಒಂದು, ಆಮೇಲೆ ಎರಡು. ಒಂದರಿಂದ ಶುರುವಾಗುವ ಗಡ್ಡೆ, ಒಂಬತ್ತರ ಹೂವಿಗಿಂತ ಎಷ್ಟೋ ಮುಂಚೆ ನಿಲ್ಲಬೇಕು. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಯಾರೋ "ನಂಬರ್ ನೋಡ್ಕೊಂಡು ಜೋಡಿಸಮ್ಮ" ಎಂದಿದ್ದರು, ಅಷ್ಟೆ. ನೋಡಿಕೊಂಡೇ ಜೋಡಿಸಿದಳು. ಚುಕ್ಕೆಯ ಆಚೆ ಒಂದೇ ಅಂಕೆ ಇದ್ದ ಪುಸ್ತಕಗಳು ಸರಿಯಾಗಿ ಕುಳಿತವು. ಎರಡು ಅಂಕೆಯವು ಸಾಲಿನ ತುದಿಗೆ ಹೋದವು, ಕೆಲವು ಕಪಾಟಿನ ಹಿಂಬದಿಗೆ ಸರಿದವು. ಮಹಡಿಗೆ ಆಕೆ ಒಬ್ಬಳೇ. ಯಾರಾದರೂ ನಂಬರ್ ಹೇಳಿದರೆ ಕಣ್ಣು ಮುಚ್ಚಿಕೊಂಡು ತಂದುಕೊಡುತ್ತಿದ್ದಳು, ಹಾಗಾಗಿ ಯಾರಿಗೂ ತೊಂದರೆ ಕಾಣಲಿಲ್ಲ. ಗ್ರಂಥಪಾಲಕರಂತೂ ಆಕೆಯ ನೆನಪಿನ ಶಕ್ತಿಯನ್ನು ಹಾಡಿ ಹೊಗಳುತ್ತಿದ್ದರು.

ಸ್ನಾತಕೋತ್ತರ ತರಗತಿಯ ಮೂರನೇ ಭಾನುವಾರ ಮೇಡಂ ಒಬ್ಬರು ಕಪ್ಪುಹಲಗೆಯ ಮೇಲೆ ಎರಡು ಸಂಖ್ಯೆ ಬರೆದು, ಯಾವುದು ಮೊದಲು ಎಂದು ಕೇಳಿದರಂತೆ. ತರಗತಿಯಲ್ಲಿ ಎಲ್ಲರೂ ಮಗಳ ವಯಸ್ಸಿನವರು. ಇಪ್ಪತ್ತು ವರ್ಷದ ಅನುಭವವಿರುವ ತಾನು ಮೊದಲು ಕೈ ಎತ್ತಿದರೆ ಚೆಂದ ಎಂದು ಎತ್ತಿದಳು. ಉತ್ತರ ಹೇಳಿದಳು. ಹುಡುಗಿಯರು ನಕ್ಕರು.

"ಅವರು ನಕ್ಕಿದ್ದಕ್ಕೆ ನಾಚಿಕೆ ಆಗ್ಲಿಲ್ಲ ಸರ್. ನನ್ನ ಕಪಾಟು ಕಣ್ಣ ಮುಂದೆ ಬಂತು. ಆಮೇಲೆ ಬಾಗಿಲಜ್ಜ ನೆನಪಾದ್ರು."

ಬಾಗಿಲಜ್ಜ ಎಂದರೆ ಗ್ರಂಥಾಲಯದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಹೊರಹೋಗುವವರ ಚೀಲ ನೋಡುತ್ತಿದ್ದ ಹಿರಿಯ. ಒಂಬತ್ತು ವರ್ಷದ ಹಿಂದೆ ಹೊರಗಿನಿಂದ ತಂಡವೊಂದು ಪುಸ್ತಕಗಳ ಲೆಕ್ಕ ತಾಳೆ ನೋಡಲು ಬಂತು. ಆ ಮೂರು ದಿನ ಟ್ರಾಲಿ ಅಕ್ಕ ಜ್ವರ ಬಂದು ಮನೆಯಲ್ಲಿದ್ದಳು. ತಂಡದವರು ಪಟ್ಟಿ ಹಿಡಿದು, ಪುಸ್ತಕ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ 'ಇಲ್ಲ' ಎಂದು ಬರೆದುಕೊಂಡು ಹೋದರು. ನಲವತ್ತೊಂದು ಪುಸ್ತಕ 'ಇಲ್ಲ' ಆದವು. ಪುಸ್ತಕಕ್ಕೆ ಕಾಲಿಲ್ಲ, ಅಂದಮೇಲೆ ಬಾಗಿಲಿಂದಲೇ ಹೋಗಿರಬೇಕು. ಅಜ್ಜನ ಸ್ವಂತ ಕೈಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರಿಸಿದರು. ಒಂದು ಟವೆಲು, ಕನ್ನಡಕದ ಡಬ್ಬಿ, ಮಾತ್ರೆಯ ಪಟ್ಟಿ ಬಿದ್ದವು. 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂದು ಕಾಗದ ಕೊಟ್ಟು, ನೆಲಮಾಳಿಗೆಯಲ್ಲಿ ಹಳೇ ಪತ್ರಿಕೆಗಳ ದೂಳು ಹೊಡೆಯಲು ಹಾಕಿದರು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. "ನನ್ನ ದಾಟಿ ಒಂದು ಪುಸ್ತಕವೂ ಹೋಗಿಲ್ಲ" ಎಂದು ಅಜ್ಜ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಾನೂ ಹಾಕ್ಕೊಳ್ಳಲಿಲ್ಲ," ಎನ್ನುತ್ತಾಳೆ ಟ್ರಾಲಿ ಅಕ್ಕ. ಆಕೆಗೆ ಗೊತ್ತಿದ್ದದ್ದು ನಲವತ್ತೊಂದು ಎಂಬ ಸಂಖ್ಯೆ ಮಾತ್ರ. ಯಾವ ಪುಸ್ತಕಗಳೆಂಬ ಪಟ್ಟಿ ಕಚೇರಿಯ ಫೈಲಿನೊಳಗಿತ್ತು. ಅಟೆಂಡರ್‌ಗೆ ಅದನ್ನು ಯಾರು ತೋರಿಸುತ್ತಾರೆ? ಈಗ ಪದವಿಗೆ ಬರೆಯಬೇಕಿದ್ದ ಪ್ರಬಂಧದ ನೆಪದಲ್ಲಿ ಆ ಪಟ್ಟಿ ಕೇಳಿ ಪಡೆದಳು. ಒಂದೇ ಬೆಳಗಿನಲ್ಲಿ ಮೂವತ್ತೆಂಟು ಪುಸ್ತಕ ಸಿಕ್ಕವು. ಎಲ್ಲವೂ ಅದೇ ಮಹಡಿಯಲ್ಲಿ, ಆಕೆ ಇಟ್ಟ ಜಾಗದಲ್ಲೇ, ದೂಳು ಒರೆಸಿಕೊಂಡು ನೀಟಾಗಿ ನಿಂತಿದ್ದವು. ಮೂರು ಮಾತ್ರ ಇನ್ನೂ ಸಿಕ್ಕಿಲ್ಲ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಹೇಳಲು ಬಾಯಿ ತೆರೆದೂ ಇದ್ದೆ. ಆಕೆ ಕೈ ಅಡ್ಡ ಹಿಡಿದಳು.

"ಜ್ವರ ಬಿಟ್ಟು ಬಂದಾಗ ನನ್ನನ್ನೂ ಕರೆದು ಕೇಳಿದ್ರು. 'ಮಧ್ಯಾಹ್ನ ಊಟ ಆದ್ಮೇಲೆ ಅಜ್ಜ ತೂಕಡಿಸ್ತಾರೆ' ಅಂದೆ. ಬರ್ಕೊಂಡ್ರು. ಸಹಿ ಹಾಕಮ್ಮ ಅಂದ್ರು, ಹಾಕ್ದೆ. ಯಾಕೆ ಅಂದೆ ಹೇಳ್ಲಾ? ತಪ್ಪು ನನ್ನ ಮಹಡಿ ಮೇಲೆ ಬರಬಾರ್ದು ಅಂತ. ಅದು ಚುಕ್ಕೆ ಗೊತ್ತಿಲ್ದೆ ಮಾಡಿದ್ದಲ್ಲ ಸರ್."

ಟೈಲರ್ ಕೆಲಸದ ಗಂಡ ಈ ಕತೆ ಕೇಳಿ ಮೊದಲು ತಮಾಷೆ ಮಾಡಿದನಂತೆ: "ನಾನು ಈ ಥರ ಟೇಪು ಓದಿದ್ರೆ ಊರಲ್ಲಿ ಒಬ್ಬರಿಗೂ ತೋಳು ಸರಿ ಇರ್ತಿರ್ಲಿಲ್ಲ." ಹೆಂಡತಿ ನಗದಿದ್ದುದನ್ನು ಕಂಡು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದನಂತೆ. ಆಕೆ ಎರಡು ದಿನ ಮುದ್ದೆಯಾಗಿ ಮೂಲೆ ಹಿಡಿದಿದ್ದಳು.

ಪ್ರಬಂಧದ ವಿಷಯವಾಗಿ ಇದನ್ನೇ ಇಟ್ಟುಕೊಂಡಳು. ಗೋಜಲು ಹುಟ್ಟಿದ್ದು ಬರೆಯುವಾಗ. 'ಸಿಬ್ಬಂದಿಯ ತರಬೇತಿಯ ಕೊರತೆಯಿಂದ ಪುಸ್ತಕಗಳು ಸ್ಥಾನಪಲ್ಲಟಗೊಂಡವು' ಎಂದು ಬರೆಯಿರಿ, ಸಾಕು ಎಂದರು ಮಾರ್ಗದರ್ಶಕರು. ಕೆಡುಕು ಬಯಸಿ ಹೇಳಿದ್ದಲ್ಲ. ಸಹಾಯಕ ಗ್ರಂಥಪಾಲಕರ ಹುದ್ದೆಯೊಂದು ಖಾಲಿಯಾಗಲಿದೆ, ಈ ಪದವಿ ಇದ್ದರೆ ಆಕೆಗೇ ಸಿಗಬೇಕಾದದ್ದು. ತಪ್ಪು ನನ್ನದು, ಅಜ್ಜನ ವಿರುದ್ಧದ ಹೇಳಿಕೆಯೂ ನನ್ನದು ಎಂದು ತಾನೇ ಅಚ್ಚು ಹಾಕಿಕೊಂಡರೆ ಯಾರು ಕೊಡುತ್ತಾರೆ? ಇಪ್ಪತ್ತೆರಡು ವರ್ಷ ಮೆಟ್ಟಿಲು ಹತ್ತಿದ ಮಂಡಿಗಳು ಕುರ್ಚಿಯೊಂದನ್ನು ಬಯಸುವುದು ಅತಿಯಾಸೆಯಲ್ಲ. ಆಕೆ ಹನ್ನೊಂದು ದಿನ ಯೋಚಿಸಿ 'ನಾನು ತಪ್ಪು ಜಾಗದಲ್ಲಿ ಇಟ್ಟೆ' ಎಂದು ಬರೆದಳು. ಹೇಳಿಕೆಯ ವಿಷಯವನ್ನೂ ಬರೆದಳು. ಪ್ರಬಂಧ ಕಳೆದ ಸೋಮವಾರ ಸಲ್ಲಿಕೆಯಾಗಿದೆ. ಬುಧವಾರ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂದಿದೆ. ಹುದ್ದೆಯ ಬಗ್ಗೆ ಯಾರೂ ತುಟಿ ಬಿಚ್ಚುತ್ತಿಲ್ಲ.

ಅಜ್ಜನಿಗೆ ಹೇಳಿದಿರಾ ಎಂದು ಕೇಳಿದೆ. ಎರಡು ಸಲ ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದಳಂತೆ. ಮೂರನೇ ಸಲ, ಮೊನ್ನೆ ಶುಕ್ರವಾರ, ಒಳಗೆ ಹೋದಳು. ಅಜ್ಜ ಕಿಟಕಿ ಬಳಿ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಚುಕ್ಕೆಯ ಕತೆಯನ್ನೆಲ್ಲ ಹೇಳಿದಳು, ಮೂವತ್ತೆಂಟು ಪುಸ್ತಕಗಳ ಪಟ್ಟಿ ಕೊಟ್ಟಳು. ತೂಕಡಿಕೆಯ ಮಾತನ್ನು ಮಾತ್ರ ಹೇಳಲಿಲ್ಲ. ಪ್ರಬಂಧದಲ್ಲಿ ಬರೆಯಲು ಬಂದ ಧೈರ್ಯ ಆ ಮುಖದೆದುರು ಬರಲಿಲ್ಲ.

ಅಜ್ಜ ಪಟ್ಟಿಯನ್ನು ಸಾವಕಾಶವಾಗಿ ಕೊನೆಯವರೆಗೂ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, "ಇನ್ನೊಂದು ಇದೆಯಲ್ಲಮ್ಮ, ಅದನ್ನ ಹೇಳ್ಲಿಲ್ಲ ನೀನು," ಎಂದರು.

ಅವರಿಗೆ ಗೊತ್ತಿತ್ತು. ಆಕೆ ಸಹಿ ಹಾಕಿದ ದಿನವೇ ಕಚೇರಿಯವರು ಆ ಹೇಳಿಕೆಯನ್ನು ಅವರೆದುರು ಗಟ್ಟಿಯಾಗಿ ಓದಿದ್ದರಂತೆ. ಆಮೇಲೂ ನೆಲಮಾಳಿಗೆಯ ಆ ಎರಡು ವರ್ಷ, ದಿನಾ ಬೆಳಗ್ಗೆ ಎದುರು ಸಿಕ್ಕಾಗ "ಏನಮ್ಮಾ, ಮೊಣಕಾಲು ಹೇಗಿದೆ?" ಎಂದು ಕೇಳುತ್ತಲೇ ಇದ್ದರು. ಇದನ್ನು ಹೇಳುವಾಗ ಟ್ರಾಲಿ ಅಕ್ಕ ನನ್ನ ಕಡೆ ನೋಡಲಿಲ್ಲ, ಕಪಾಟಿನ ಕಡೆ ತಿರುಗಿಕೊಂಡಳು. ನೋಟ್‌ಬುಕ್ ಹಿಡಿದು ಕುಳಿತಿದ್ದಕ್ಕೆ ನನಗೇ ನಾಚಿಕೆಯಾಯಿತು.

ಸಾಲಿನಲ್ಲಿ ಓರೆಯಾಗಿದ್ದ ಪುಸ್ತಕವೊಂದನ್ನು ನೆಟ್ಟಗೆ ಮಾಡುತ್ತಾ ಆಕೆ ಮಾತು ಮುಂದುವರಿಸಿದಳು. "ಬೈತಾರೆ ಅಂದ್ಕೊಂಡೆ ಸರ್. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು. 'ನೀನು ಹೇಳಿದ್ದು ಸುಳ್ಳಲ್ಲಮ್ಮ, ತೂಕಡಿಸ್ತಿದ್ದೆ. ಆದ್ರೆ ಬಾಗಿಲಿಗೆ ಕಾಲು ಅಡ್ಡ ಹಾಕ್ಕೊಂಡೇ ತೂಕಡಿಸ್ತಿದ್ದೆ. ಅದನ್ಯಾಕೆ ಹೇಳ್ಲಿಲ್ಲ ನೀನು?' ಅಂದ್ರು. ಅದು ನಿಜ ಸರ್. ದಿನಾ ನೋಡ್ತಿದ್ದೆ. ಅವರ ಕಾಲು ದಾಟೋಕೆ ಆಗ್ದೆ ನಾನೇ ಎಷ್ಟೋ ಸಲ ಅವರನ್ನ ಎಬ್ಬಿಸಿದ್ದೀನಿ. ಪ್ರಬಂಧ ಕೊಟ್ಟಾಗಿದೆ, ಈಗ ಒಂದಕ್ಷರ ಸೇರಿಸೋಕೂ ಬಿಡಲ್ಲ. ನನ್ನ ಫೋಟೊ ಗೀಟೊ ಏನೂ ಬೇಡ. ಕಾಲು ಅಡ್ಡ ಇತ್ತು ಅನ್ನೋದನ್ನ ಮಾತ್ರ ಬರೀರಿ."